ಆಧಾರವೇ ಭಾರವಾದಾಗ



ಇಂದಿನ ನನ್ನ ವಿಷಯ ಕುಸಿತ. ವಿಷಯ ಅಮಂಗಳವಾಯಿತಲ್ಲ ಎಂದು ಯಾರೂ ರೇಡಿಯೋ ನಿಲ್ಲಿಸಬೇಕಾಗಿಲ್ಲ. ಮಳೆಗಾಲದಲ್ಲಿ ಮನೆ ಕುಸಿಯುತ್ತದೆ; ಕೆರೆಯ ಏರಿ ಕುಸಿಯುತ್ತದೆ; ಪೇಟೆಯಲ್ಲಿ ಧಾರಣೆ ಕುಸಿಯುತ್ತದೆ; ರಾಜ್ಯಗಳು ಕುಸಿದುದನ್ನು ಚರಿತ್ರೆಯಲ್ಲಿ ಓದುತ್ತೇವೆ; ಆಕಾಶದಲ್ಲಿ ನಕ್ಷತ್ರಗಳು ಕುಸಿಯುವುದನ್ನು ವಿಜ್ಞಾನಿಗಳು ವರ್ಣಿಸುತ್ತಾರೆ. ಪರಸ್ಪರ ಯಾವ ನಂಟೂ ಇಲ್ಲದಂತೆ ತೋರುವ ಈ ಕುಸಿತಗಳಲ್ಲೆಲ್ಲ ಸಮಾನವಾದ ಒಂದು ಕ್ರಮವಿದೆಯೆಂದು ನನಗೆ ಅನಿಸುತ್ತದೆ. ಆ ಕ್ರಮವನ್ನು ಇಂದಿನ ಆಂಧ್ರದ ಗಡಿಸೀಮೆಯ ಹಾಲಹರವಿ, ಆಲೂರು, ಆದೋನಿಗಳ ಸುತ್ತಣ ನಮ್ಮ ಎರೆಭೂಮಿಯ ನಿದರ್ಶನಗಳಿಂದಲೇ ವಿವರಿಸಲು ಯತ್ನಿಸುತ್ತೇನೆ. ನಡುವೆ ಒಮ್ಮೆ ಮಾತ್ರ ಆಕಾಶದವರೆಗೆ ಹೋಗಿಬರೋಣ.

ಮೊದಲು ಮಾಳಿಗೆಯ ಮನೆ. ನಮ್ಮ ಕಡೆಯ ಹಳೆಯ ಮನೆಗಳಿಗೆ ಹೆಂಚಿಲ್ಲ, ಇಳಿಜಾರಿಲ್ಲ. ಗೋಡೆಯ ಮೇಲೆ ತೊಲೆ. ತೊಲೆಯ ಮೇಲೆ ಜಂತಿ. ಜಂತಿಯ ಮೇಲೆ ಕಡ್ಡಿ, ಸೊಪ್ಪು. ಅದರ ಮೇಲೆ ಮಣ್ಣು. ಎಲ್ಲಕ್ಕೂ ಮೇಲೆ ಚೌಳು ಮಣ್ಣಿನ ಒಂದು ಪದರ. ಬೆಳೆಗೆ ಶತ್ರುವಾದ ಈ ಚೌಳು ಮಾಳಿಗೆಗೆ ಮಿತ್ರ. ಅದರಲ್ಲಿರುವ ಸೋಡಿಯಂ ಲವಣವು ಜೇಡಿಯ ಕಣಗಳನ್ನು ಬಿಡಿಬಿಡಿಯಾಗಿ ಹರಡಿ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಬಿಡುವುದರಿಂದ ನೀರು ಕೆಳಕ್ಕೆ ಬೇಗ ಇಳಿಯದು. ಆದುದರಿಂದ ಮುಂಗಾರಿಗೆ ಮೊದಲು ಬುಟ್ಟಿಗಳಲ್ಲಿ ಚೌಳು ಹೊತ್ತು ತಂದು ಮಾಳಿಗೆಗೆ ಹಾಕುವುದು ವಾಡಿಕೆ. ಹೋದ ವರ್ಷ ಸೋರಿದಲ್ಲಿ ಈ ವರ್ಷ ಎರಡು ಬುಟ್ಟಿ ಹೆಚ್ಚು. ಬರುವ ವರ್ಷ ಇನ್ನೆರಡು.

ಈಗ ಲೆಕ್ಕ ಹಾಕಿ ನೋಡಿ. ಹದಿನೈದು ಅಡಿ ಚೌಕದ ಕೋಣೆಯ ಮೇಲೆ ಒಂದು ಅಡಿ ದಪ್ಪ ಮಣ್ಣು ಸೇರಿತೆಂದರೆ ಅದರ ತೂಕ ಸುಮಾರು 10 ಟನ್ನು. ನೆನೆದರೆ ಇನ್ನೂ ಎರಡು ಟನ್ನು. ಒಳಗೆ ತೊಲೆಯ ತುದಿ, ಅಂದರೆ ಗೋಡೆಯೊಳಗೆ ಹುದುಗಿದ, ಯಾರ ಕಣ್ಣಿಗೂ ಬೀಳದ ಆ ಮೊಳದಷ್ಟು ಭಾಗ, ತೇವಕ್ಕೂ ಗೆದ್ದಲಿಗೂ ಸಿಕ್ಕಿ ಸವೆಯುತ್ತ ಬಂದಿರುತ್ತದೆ. ಮೇಲೆ ಭಾರ ಏರುತ್ತಿದೆ, ಕೆಳಗೆ ಬಲ ಇಳಿಯುತ್ತಿದೆ. ಭಾದ್ರಪದದಲ್ಲಿ ಮೂರು ದಿನ ಜಡಿಮಳೆ ಹಿಡಿದು, ನಾಲ್ಕನೆಯ ರಾತ್ರಿ ಮನೆ ಬೀಳುತ್ತದೆ. ಬೆಳಗಾದ ಮೇಲೆ ಎಲ್ಲರೂ ಮಳೆಗೆ ಮನೆ ಬಿತ್ತು ಎನ್ನುತ್ತಾರೆ. ಗ್ರಾಮಾಧಿಕಾರಿಯ ಪಂಚನಾಮೆಯಲ್ಲಿಯೂ ಹಾಗೆಯೇ ಬರೆಯಲ್ಪಡುತ್ತದೆ. ಮಳೆ ಬಿದ್ದುದು ನಿಜ. ಆದರೆ ಮನೆಯನ್ನು ಬೀಳಿಸಿದುದು ಮಳೆಯಿಂದ ಮನೆಯನ್ನು ಕಾಪಾಡಲೆಂದು ಇಪ್ಪತ್ತು ವರ್ಷ ನಾವೇ ಹೊತ್ತು ಹಾಕಿದ ಮಣ್ಣು.

ನನ್ನ ಮಾತಿನ ತಿರುಳು ಇಷ್ಟೇ. ಯಾವುದು ನಮ್ಮನ್ನು ಎತ್ತಿ ಹಿಡಿದಿರುತ್ತದೆಯೋ, ಕಾಲಕ್ರಮದಲ್ಲಿ ಅದರ ಶೇಷವೇ ನಮ್ಮ ಮೇಲಣ ಹೊರೆಯಾಗುತ್ತದೆ. ಎಲ್ಲ ಕುಸಿತಗಳೂ ಹೀಗೆಯೇ ಎಂದು ನಾನು ಸಾಧಿಸಹೊರಟಿಲ್ಲ. ಸಿಡಿಲು ಬಡಿದ ಮರಕ್ಕೆ ಈ ನ್ಯಾಯ ಅನ್ವಯಿಸದು. ಆದರೆ ದೊಡ್ಡ ಕುಸಿತಗಳಲ್ಲಿ ಬಹುಪಾಲು ಇದೇ ಜಾತಿಯವು.

ಮನೆಯಿಂದ ಕೆರೆಗೆ ಬರೋಣ. ಒಂದರ ಕೆಳಗೊಂದರಂತೆ ಸರಪಳಿಯಾಗಿ ಕಟ್ಟಿದ ಕೆರೆಗಳು ನಮ್ಮ ಸೀಮೆಯ ಪೂರ್ವಿಕರ ಜಾಣ್ಮೆಯ ಕುರುಹು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ಹನಿಯೂ ವ್ಯರ್ಥವಾಗದ ವ್ಯವಸ್ಥೆಯದು. 1851ರ ಮೇ ತಿಂಗಳಲ್ಲಿ ಅಕಾಲದ ಬಿರುಗಾಳಿ ಮಳೆಯೊಂದು ಅಂದಿನ ಬಳ್ಳಾರಿ ಜಿಲ್ಲೆಯ ಮೇಲೆ ಎರಗಿತು. ನಮ್ಮ ಆಲೂರು, ಆದೋನಿಗಳು ಆಗ ಆ ಜಿಲ್ಲೆಯ ತಾಲ್ಲೂಕುಗಳೇ. ಇನ್ನೂರಕ್ಕೂ ಹೆಚ್ಚು ಕೆರೆಗಳು ಒಡೆದುವು. ಮೇಲಿನದೊಂದು ಒಡೆದರೆ ಅದರ ನೀರೆಲ್ಲ ಒಮ್ಮೆಗೇ ಕೆಳಗಿನ ಏರಿಯ ಮೇಲೆ ಬೀಳುವುದರಿಂದ, ಬರಗಾಲದಲ್ಲಿ ಒಂದನ್ನೊಂದು ಬದುಕಿಸುತ್ತಿದ್ದ ಕೆರೆಗಳು ಪ್ರವಾಹದಲ್ಲಿ ಒಂದನ್ನೊಂದು ಕೆಡವುವ ಸ್ಥಿತಿ ಒದಗುತ್ತದೆ. ಹಗರಿ ನದಿಯ ದಂಡೆಯ ಗೂಳ್ಯಂ ಗ್ರಾಮವನ್ನು ಆ ನೆರೆ ಕೊಚ್ಚಿಕೊಂಡು ಹೋಯಿತು. ಗೂಳ್ಯಂ ಮತ್ತೆ ಎದ್ದಿತು. ಗಾದಿಲಿಂಗಪ್ಪ ತಾತನೆಂಬ ಸಂತನ ಜಾತ್ರೆಗೆ ಇಂದು ಕರ್ನಾಟಕ, ಆಂಧ್ರ ಎರಡೂ ರಾಜ್ಯಗಳಿಂದ ಜನ ಸೇರುವ ಊರು ಅದೇ.

ಮನೆಯನ್ನು ಕಂಡೆವು, ಕೆರೆಯನ್ನು ಕಂಡೆವು. ಇನ್ನು ಆಕಾಶ.

1930ರಲ್ಲಿ ಹತ್ತೊಂಬತ್ತು ವರ್ಷ ವಯಸ್ಸಿನ ತರುಣನೊಬ್ಬ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದು ಮುಗಿಸಿ, ಮುಂಬಯಿಯಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೊರಟ. ಮದರಾಸು ಮುಂಬಯಿಗಳ ರೈಲು ಹಾದಿ ಆದೋನಿಯ ಮೇಲಿಂದಲೇ ಹೋಗುವುದಾದುದರಿಂದ ನಮ್ಮ ಎರೆಭೂಮಿಯನ್ನು ಆತ ಕಿಟಕಿಯಿಂದ ಕಂಡಿದ್ದರೂ ಕಂಡಿರಬಹುದು. ಆತನೇ ಸುಬ್ರಹ್ಮಣ್ಯನ್ ಚಂದ್ರಶೇಖರ್. ಹಡಗಿನಲ್ಲಿ ಕುಳಿತು ಆತ ಮಾಡಿದ ಗಣಿತದ ಫಲಿತಾಂಶ ಇದು: ಉರಿದು ಮುಗಿದ ನಕ್ಷತ್ರವೊಂದು ತನ್ನ ಭಾರವನ್ನು ತಾನೇ ತಡೆದು ನಿಲ್ಲಬಲ್ಲುದು, ಆದರೆ ಒಂದು ಮಿತಿಯವರೆಗೆ ಮಾತ್ರ. ಆ ಮಿತಿ ಸೂರ್ಯನ ತೂಕದ ಸುಮಾರು ಒಂದೂವರೆ ಪಟ್ಟಿಗೆ ತುಸು ಕಡಿಮೆಯೆಂದು ಮುಂದೆ ಸ್ಥಿರಪಟ್ಟಿತು. ಅದನ್ನು ಮೀರಿದರೆ ನಿಲ್ಲಲಾರದು.

ದೊಡ್ಡ ನಕ್ಷತ್ರದ ಸ್ಥಿತಿಯನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ. ಅದರ ಭಾರವೆಲ್ಲ ಒಳಮುಖವಾಗಿ ಒತ್ತುತ್ತಿರುತ್ತದೆ. ಒಡಲೊಳಗಣ ಉರಿ ಹೊರಮುಖವಾಗಿ ಒತ್ತುತ್ತಿರುತ್ತದೆ. ಜಲಜನಕ ಉರಿದು ಹೀಲಿಯಂ ಆಗುತ್ತದೆ, ಹೀಲಿಯಂ ಇಂಗಾಲವಾಗುತ್ತದೆ, ಹೀಗೆ ಮುಂದುವರಿದು ಕೊನೆಗೆ ಕಬ್ಬಿಣ. ಕಬ್ಬಿಣ ಮಾತ್ರ ಉರಿಯದು. ಅದರಿಂದ ಶಕ್ತಿ ಹೊರಡದು. ದಶಲಕ್ಷಗಟ್ಟಲೆ ವರ್ಷ ನಕ್ಷತ್ರವನ್ನು ಎತ್ತಿ ಹಿಡಿದ ಉರಿಯ ಬೂದಿಯೇ ಆ ಕಬ್ಬಿಣ. ಅದು ನಡುವಿನಲ್ಲಿ ಗುಡ್ಡೆಯಾಗುತ್ತ ಚಂದ್ರಶೇಖರರು ಹೇಳಿದ ಮಿತಿಯನ್ನು ಮುಟ್ಟಿದ ಕೂಡಲೆ, ಭೂಮಿಯಷ್ಟು ದೊಡ್ಡದಾದ ಆ ಗರ್ಭ ಒಂದು ಸೆಕೆಂಡಿಗೂ ಕಡಿಮೆ ಕಾಲದಲ್ಲಿ ಹತ್ತಾರು ಕಿಲೋಮೀಟರುಗಳಷ್ಟೇ ಅಗಲದ ಗೋಳವಾಗಿ ಕುಗ್ಗಿಬಿಡುತ್ತದೆ. ಹೊರಗಣ ಪದರಗಳು ಸಿಡಿದು ಚೆಲ್ಲುತ್ತವೆ. 1054ರಲ್ಲಿ ಚೀನದ ವೀಕ್ಷಕರು ಅಂಥದೊಂದನ್ನು ಕಂಡು ಬರೆದಿಟ್ಟರು. ಸುಮಾರು ಮೂರು ವಾರ ಅದು ಹಗಲಿನಲ್ಲಿಯೂ ಗೋಚರಿಸಿತು. ನಮ್ಮಲ್ಲಿ ಅದು ಕಲ್ಯಾಣದ ಚಾಲುಕ್ಯ ಮೊದಲನೆಯ ಸೋಮೇಶ್ವರನ ಕಾಲ.

ಚಂದ್ರಶೇಖರರ ಗಣಿತವನ್ನು 1935ರಲ್ಲಿ ಲಂಡನ್ನಿನ ಸಭೆಯೊಂದರಲ್ಲಿ ಎಡಿಂಗ್ಟನ್ ಎಂಬ ಮಹಾಪಂಡಿತನು ಅಪಹಾಸ್ಯ ಮಾಡಿದನು. ನಕ್ಷತ್ರ ಹಾಗೆ ವರ್ತಿಸಕೂಡದು ಎಂಬುದು ಆತನ ವಾದ. ಸುಸ್ಥಿರವೆಂದು ಬಗೆದುದು ಕುಸಿಯಬಲ್ಲುದೆಂಬ ಮಾತನ್ನು ಪಂಡಿತರೂ ಸುಲಭವಾಗಿ ಒಪ್ಪುವುದಿಲ್ಲ. ನೊಬೆಲ್ ಪಾರಿತೋಷಕ ಚಂದ್ರಶೇಖರರಿಗೆ ಬಂದುದು 1983ರಲ್ಲಿ, ಹಡಗಿನ ಪ್ರಯಾಣದ ಐವತ್ತಮೂರು ವರ್ಷಗಳ ಅನಂತರ.

ಮಿತ್ರರೇ, ಇಲ್ಲಿಯವರೆಗೆ ಜಡವಸ್ತುಗಳ ಮಾತಾಯಿತು. ಮಣ್ಣು, ನೀರು, ಬೆಂಕಿ. ಇವು ತಮ್ಮ ಭಾರವನ್ನು ತಾವು ಅರಿಯವು. ಅರಿವುಳ್ಳ ಮನುಷ್ಯರು ಕಟ್ಟಿದ ರಾಜ್ಯಗಳಾದರೂ ಬೇರೆಯಾಗಿ ನಡೆದುಕೊಂಡುವೆ?

ಹಾಲಹರವಿಯಲ್ಲಿ ರಾಷ್ಟ್ರಕೂಟರ ಕಾಲದ, ಹತ್ತನೆಯ ಶತಮಾನದ ಒಂದು ಕನ್ನಡ ಶಾಸನವಿದೆ. ಸಿಂದವಾಡಿ ಸಾಸಿರವೆಂಬ ನಾಡನ್ನು ಚಂದಿಯಬ್ಬೆಯೆಂಬ ಅರಸಿ ಆಳುತ್ತಿದ್ದ ಸಂಗತಿ ಅದರಿಂದ ತಿಳಿಯುತ್ತದೆ. ಇಂದಿಗೆ ಸಾವಿರ ವರ್ಷಕ್ಕೂ ಹಿಂದೆ ಈ ಸೀಮೆಯ ಆಡಳಿತ ಒಬ್ಬ ಹೆಂಗಸಿನ ಕೈಯಲ್ಲಿತ್ತೆಂಬುದನ್ನು ನಮ್ಮ ಪಂಚಾಯತಿ ಸದಸ್ಯೆಯರಿಗೆ ತಿಳಿಸುವುದು ಒಳ್ಳೆಯದು. ಅದು ಹಾಗಿರಲಿ. ನರ್ಮದೆಯ ಆಚೆಗೂ ಕೈಚಾಚಿದ್ದ ಆ ರಾಷ್ಟ್ರಕೂಟ ಸಾಮ್ರಾಜ್ಯವನ್ನು ರಾಜಧಾನಿ ಮಳಖೇಡದಲ್ಲಿ ಕುಳಿತು ಒಬ್ಬ ಚಕ್ರವರ್ತಿ ನೇರವಾಗಿ ಆಳುವುದು ಅಸಾಧ್ಯವಾದುದರಿಂದ, ನಾಡುನಾಡಿಗೂ ಸಾಮಂತರು, ಮಹಾಸಾಮಂತರು ಏರ್ಪಟ್ಟರು. ಸಾಮ್ರಾಜ್ಯ ನಿಂತುದು ಈ ಸಾಮಂತರ ಹೆಗಲ ಮೇಲೆ. 972ರಲ್ಲಿ ಮಳಖೇಡವನ್ನು ಸೂರೆಗೈದ ಸೀಯಕನು ರಾಷ್ಟ್ರಕೂಟರಿಗೆ ಅಧೀನವಾಗಿದ್ದ ಪರಮಾರ ವಂಶದವನು. ಮರುವರ್ಷವೇ ರಾಜ್ಯವನ್ನು ಕಿತ್ತುಕೊಂಡ ಚಾಲುಕ್ಯ ತೈಲಪನೂ ಅವರ ಸಾಮಂತನೇ. ಹೊರಗಿನ ಶತ್ರು ಯಾರೂ ಬೇಕಾಗಲಿಲ್ಲ.

ವಿಜಯನಗರದ ಕಥೆ ತಮಗೆಲ್ಲ ತಿಳಿದುದೇ. ಅದನ್ನು ಪೂರ್ತಿ ಹೇಳುವುದಿಲ್ಲ. ಒಂದೆರಡು ಅಂಶ ಮಾತ್ರ. ಅಳಿಯ ರಾಮರಾಯನು ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ರಾಜ್ಯವನ್ನು ಎತ್ತರದಲ್ಲಿ ನಿಲ್ಲಿಸಿದುದು ಬಿಜಾಪುರ, ಅಹಮದನಗರ, ಗೋಲ್ಕೊಂಡದ ಸುಲ್ತಾನರಲ್ಲಿ ಇಂದು ಒಬ್ಬನಿಗೆ, ನಾಳೆ ಇನ್ನೊಬ್ಬನಿಗೆ ನೆರವಾಗಿ, ಅವರು ಎಂದೂ ಒಂದಾಗದಂತೆ ನೋಡಿಕೊಂಡ ನೀತಿಯಿಂದ. ಒಂದೊಂದು ನೆರವಿನ ಹಿಂದೆಯೂ ಒಬ್ಬೊಬ್ಬ ಅವಮಾನಿತ ಉಳಿಯುತ್ತಿದ್ದ. ಅಂಥ ಅವಮಾನಗಳೆಲ್ಲ ಕೂಡಿಬಂದು 1565ರ ಜನವರಿಯಲ್ಲಿ ಕೃಷ್ಣೆಯ ದಂಡೆಯಲ್ಲಿ ಒಂದೇ ಸೈನ್ಯವಾಗಿ ನಿಂತುವು. ಒಂದು ದಿನದ ಯುದ್ಧ. ರಾಮರಾಯನ ತಲೆ ಉರುಳಿತು. ಕೆಲವೇ ವರ್ಷಗಳಲ್ಲಿ ಆದೋನಿಯ ಕೋಟೆ ಬಿಜಾಪುರದ ವಶವಾಯಿತು.

ಆದರೆ ಒಂದು ಸಂಗತಿಯನ್ನು ಗಮನಿಸಿ. 1567ರಲ್ಲಿ ವಿಜಯನಗರಕ್ಕೆ ಬಂದ ವೆನಿಸ್ಸಿನ ವರ್ತಕ ಸೀಸರ್ ಫೆಡರಿಚಿ, ನಗರ ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತೇ ಇವೆ, ಆದರೆ ಬರಿದಾಗಿವೆ ಎಂದು ಬರೆದ. ಅರಸುಮನೆತನ ಪೆನುಗೊಂಡೆಗೆ ಹೋಯಿತು, ಆಮೇಲೆ ಚಂದ್ರಗಿರಿಗೆ, ಇನ್ನೂ ಎಂಬತ್ತು ವರ್ಷ ಬಾಳಿತು. ಅರಮನೆಗಳ ಮರದ ಉಪ್ಪರಿಗೆಗಳು ಉರಿದುಹೋಗಿ ಕಲ್ಲಿನ ಜಗತಿಗಳು ಮಾತ್ರ ಉಳಿದುವು. ತುಂಗಭದ್ರೆಯಿಂದ ವಿಜಯನಗರದ ಅರಸರು ತೋಡಿಸಿದ ಕಾಲುವೆಗಳಾದರೋ ಇಂದಿಗೂ ಹರಿಯುತ್ತಿವೆ. ಬಾಳೆಗೂ ಭತ್ತಕ್ಕೂ ನೀರುಣಿಸುತ್ತಿವೆ. ಚಕ್ರವರ್ತಿ ಬದಲಾದರೂ ವರ್ಷವರ್ಷವೂ ಕಾಲುವೆಯ ಹೂಳು ತೆಗೆಯುವವರು ಬದಲಾಗಲಿಲ್ಲ. ಕಟ್ಟಿದ ಮೇಲೆ ಏನನ್ನು ಸೇರಿಸಿದರು ಎಂಬುದಕ್ಕಿಂತ ಏನನ್ನು ತೆಗೆಯುತ್ತ ಬಂದರು ಎಂಬುದು ಇಲ್ಲಿ ಮುಖ್ಯವಾಯಿತು.

ಮನೆ, ಕೆರೆ, ನಕ್ಷತ್ರ, ರಾಜ್ಯ. ಇಷ್ಟಾಯಿತು. ಇನ್ನು ಪೇಟೆಗೆ ಹೋಗೋಣ, ಪೇಟೆಯಿಂದ ಬರಗಾಲಕ್ಕೆ. ಇವೆರಡೂ ಒಂದೇ ಹಾದಿಯ ಮೇಲಿವೆ.

ಆದೋನಿಯ ಹತ್ತಿ ಮಾರುಕಟ್ಟೆಯನ್ನು ಅರಿಯದವರು ಯಾರು? 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿ, ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗುವುದು ನಿಂತಿತು. ಧಾರವಾಡ, ಬಳ್ಳಾರಿಗಳ ಎರೆಭೂಮಿಯ ಹತ್ತಿಗೆ ಹಲವು ಪಟ್ಟು ಬೆಲೆ ಬಂತು. ಜೋಳ ಬಿತ್ತುತ್ತಿದ್ದ ಹೊಲಗಳಿಗೆ ಹತ್ತಿ ಇಳಿಯಿತು. ರೈತನ ಕೈಯಲ್ಲಿ ಎಂದೂ ಕಾಣದ ಬೆಳ್ಳಿ. 1865ರಲ್ಲಿ ಯುದ್ಧ ಮುಗಿಯಿತು, ಧಾರಣೆ ಕುಸಿಯಿತು, ಮುಂಬಯಿಯಲ್ಲಿ ಬ್ಯಾಂಕುಗಳು ಮುಳುಗಿದುವು. ಬೆಲೆ ಹೋದರೂ ಬೆಲೆ ಇದ್ದಾಗ ಮಾಡಿದ ಸಾಲ ಹೋಗಲಿಲ್ಲ. 1871ರಲ್ಲಿ ಮದರಾಸಿನ ರೈಲು ಆದೋನಿಯನ್ನು ದಾಟಿ ರಾಯಚೂರನ್ನು ಮುಟ್ಟಿತು. ಇನ್ನು ಬರಗಾಲದ ಭಯವಿಲ್ಲ, ಎಲ್ಲಿ ಕೊರತೆಯೋ ಅಲ್ಲಿಗೆ ಧಾನ್ಯ ಹರಿಯುತ್ತದೆ ಎಂದು ಸರಕಾರ ನಂಬಿತು.

ಐದು ವರ್ಷಕ್ಕೆ ಧಾತು ಸಂವತ್ಸರ ಬಂತು. ಮುಂದಿನದು ಈಶ್ವರ. ಹಿರಿಯರು ಧಾತು ಈಶ್ವರ ಬರವೆಂದು ಕರೆಯುವ 1876ರಿಂದ 78ರವರೆಗಿನ ಮಹಾಕ್ಷಾಮ ಅದು. ರೈಲಿನಲ್ಲಿ ಧಾನ್ಯ ಬಂದುದು ನಿಜ. ಅದು ಇಲ್ಲದಿದ್ದರೆ ಸಾವು ಇನ್ನೂ ಹೆಚ್ಚಾಗುತ್ತಿತ್ತು. ಆದರೆ ಧಾನ್ಯವು ಹಸಿವಿರುವಲ್ಲಿಗೆ ಹರಿಯುವುದಿಲ್ಲ, ಹಣವಿರುವಲ್ಲಿಗೆ ಹರಿಯುತ್ತದೆ. ಬೆಳೆ ಹೋದ ಮೇಲೆ ಕೂಲಿಯವನ ಕೂಲಿ ಹೋಯಿತು. ಮಗ್ಗದವನ ಬಟ್ಟೆಗೆ ಗಿರಾಕಿ ಹೋದ. ಎತ್ತು ಮಾರಿ ತಿಂದವನಿಗೆ ಮರುವರ್ಷ ಉಳಲು ಎತ್ತಿಲ್ಲ. ಜೋಳದ ಮೂಟೆ ನಿಲ್ದಾಣದಲ್ಲಿದ್ದರೂ ಅದನ್ನು ಕೊಳ್ಳುವ ಶಕ್ತಿ ಕುಸಿದಿತ್ತು. ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ಪರಿಹಾರ ಕಾಮಗಾರಿಯ ದಿನಗೂಲಿಯನ್ನು ಒಂದು ಪೌಂಡು ಧಾನ್ಯದ ಬೆಲೆ ಮತ್ತು ಅಲ್ಪ ಚಿಲ್ಲರೆಗೆ ಇಳಿಸಿದನು. ಒಂದು ಪೌಂಡೆಂದರೆ ಅರ್ಧ ಕಿಲೋಗಿಂತಲೂ ಕಡಿಮೆ. ಕಲ್ಲು ಒಡೆಯುವವನಿಗೆ ಇದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ವಾದಿಸಿದನು. 1871ರ ಮತ್ತು 1881ರ ಜನಗಣತಿಗಳ ನಡುವೆ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಇಳಿಯಿತು. ಐದು ಮನೆಯ ಓಣಿಯಲ್ಲಿ ಒಂದು ಮನೆ ಬರಿದಾಯಿತೆಂದು ಭಾವಿಸಿಕೊಳ್ಳಿ. ಬರಗಾಲದ ಕೊಲೆಗಾರ ಧಾನ್ಯದ ಅಭಾವ ಮಾತ್ರವಲ್ಲ, ಧಾನ್ಯದ ಮೇಲಣ ಹಕ್ಕಿನ ಅಭಾವ ಎಂದು ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನರು ಶಾಸ್ತ್ರೀಯವಾಗಿ ನಿರೂಪಿಸಿದುದು ನೂರು ವರ್ಷಗಳ ಮೇಲೆ, 1981ರಲ್ಲಿ.

ಬರದ ಮಾತು ದೀರ್ಘವಾಯಿತು, ಕ್ಷಮಿಸಬೇಕು. ಅದನ್ನು ಚುಟುಕಾಗಿ ಹೇಳಲು ನನಗೆ ಮನಸ್ಸು ಬರಲಿಲ್ಲ.

ಹತ್ತಿ ರೈತನಿಗೆ ಆಧಾರವಾಗಿ ಬಂದು ಹೊರೆಯಾದುದನ್ನು ಕಂಡೆವು. ಇನ್ನೊಂದು ಬಗೆಯ ಕುಸಿತವಿದೆ. ಅದರಲ್ಲಿ ಸದ್ದಿಲ್ಲ, ಧೂಳಿಲ್ಲ. ಏನೂ ಬಿದ್ದಂತೆ ಕಾಣುವುದಿಲ್ಲ. ಅದು ನುಡಿಯ ಕುಸಿತ.

ಭಾಷೆಗೊಂದು ರಾಜ್ಯವೆಂಬ ತತ್ತ್ವ ನಮ್ಮ ಜನಕ್ಕೆ ದೊಡ್ಡ ಆಸರೆಯಾಗಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಹಳೆಯ ಬಳ್ಳಾರಿ ಜಿಲ್ಲೆ ಒಡೆಯಿತು. ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಮೊದಲಾದ ಏಳು ತಾಲ್ಲೂಕುಗಳು ಮೈಸೂರಿಗೆ ಸೇರಿದುವು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಉಳಿದುವು. ಬಳ್ಳಾರಿಯನ್ನು ಕನ್ನಡಕ್ಕೆ ಉಳಿಸಿಕೊಟ್ಟ ತತ್ತ್ವವೇ ಹಾಲಹರವಿಯ ಕನ್ನಡಿಗನನ್ನು ಗಡಿಯ ಆಚೆ ನಿಲ್ಲಿಸಿತು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು, ಜಾತ್ರೆಯಲ್ಲಿ ಎರಡೂ. ಇದರಲ್ಲಿ ದ್ವೇಷವಿಲ್ಲ. ಎರಡು ನುಡಿ ಬಲ್ಲವನು ಒಂದು ನುಡಿ ಬಲ್ಲವನಿಗಿಂತ ಶ್ರೀಮಂತನೆಂದೇ ನನ್ನ ಅಭಿಪ್ರಾಯ. ಕನ್ನಡ ಮಾಧ್ಯಮದ ಶಾಲೆಗಳನ್ನೂ ಆಂಧ್ರ ಸರಕಾರ ನಡೆಸುತ್ತ ಬಂದಿದೆ. ಆದರೆ ಹತ್ತನೆಯ ತರಗತಿ ದಾಟಿದ ಮೇಲೆ ಕನ್ನಡದ ದಾರಿ ಕಿರಿದಾಗುತ್ತದೆ. ತಂದೆತಾಯಿ ಮಗುವಿನ ಅನ್ನದ ದಾರಿಯನ್ನು ನೋಡುತ್ತಾರೆ, ಅದು ತಪ್ಪಲ್ಲ. ಒಂದು ತಲೆಮಾರು ಮಾತನಾಡುತ್ತದೆ, ಓದುವುದಿಲ್ಲ. ಅದರ ಮುಂದಿನದು ಅಜ್ಜಿಯೊಡನೆ ಮಾತ್ರ ಮಾತನಾಡುತ್ತದೆ.

ಲಿಪಿಯ ಕಥೆಯೂ ಹೀಗೆಯೇ. ಗಡಿಯ ಕರ್ನಾಟಕದ ಕಡೆ, ಸಿರುಗುಪ್ಪದ ನಿಟ್ಟೂರಿನಲ್ಲಿ ಅಶೋಕನ ಶಾಸನವಿದೆ. ಆತನ ಹೆಸರನ್ನೇ ಹೇಳುವ ಅಪರೂಪದ ಶಾಸನಗಳಲ್ಲಿ ಅದೊಂದು. ಬಂಡೆ ಎರಡು ಸಾವಿರ ವರ್ಷಗಳಿಂದ ಅಲುಗಿಲ್ಲ. ಆದರೂ ಬ್ರಾಹ್ಮಿ ಲಿಪಿಯನ್ನು ಓದಬಲ್ಲವರು ಇಲ್ಲವಾಗಿ, 1837ರಲ್ಲಿ ಪ್ರಿನ್ಸೆಪ್ ಎಂಬ ವಿದ್ವಾಂಸ ಅದನ್ನು ಮರಳಿ ಬಿಡಿಸುವ ತನಕ ಶತಮಾನಗಳ ಕಾಲ ಅಂಥ ಬಂಡೆಗಳೆಲ್ಲ ಮೂಕವಾಗಿದ್ದುವು. ಬಿದ್ದುದು ಬಂಡೆಯಲ್ಲ, ಓದು. ಚಂದಿಯಬ್ಬೆಯ ಶಾಸನವೂ ಭದ್ರವಾಗಿಯೇ ಇರುತ್ತದೆ.

ಕೊನೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಸೀಮೆಯ ಬರಕ್ಕೆ ಮದ್ದೆಂದು ತುಂಗಭದ್ರೆಗೆ ಅಣೆ ಕಟ್ಟುವ ಯೋಜನೆಯನ್ನು ಸರ್ ಆರ್ಥರ್ ಕಾಟನ್ ಎಂಬ ಇಂಜಿನಿಯರ್ 1860ರಲ್ಲಿಯೇ ಸೂಚಿಸಿದ್ದನು. ಧಾತು ಬರಕ್ಕೆ ಹದಿನಾರು ವರ್ಷ ಮೊದಲು. ಶಂಕುಸ್ಥಾಪನೆಯಾದುದು 1945ರಲ್ಲಿ, ನೀರು ಹರಿದುದು 1953ರಲ್ಲಿ. ಅದರ ಕೆಳಮಟ್ಟದ ಕಾಲುವೆ ಕರ್ನಾಟಕದಲ್ಲಿ ಸುಮಾರು 250 ಕಿಲೋಮೀಟರು ಸಾಗಿ ಹಾಲಹರವಿಯ ಬಳಿ ಆಂಧ್ರವನ್ನು ಹೊಗುತ್ತದೆ. ಈ ತುಂಗಭದ್ರಾ ಜಲಾಶಯಕ್ಕೆ ಮೂವತ್ತಮೂರು ಬಾಗಿಲುಗಳು. ಒಂದೊಂದೂ ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಉಕ್ಕಿನ ಹಲಗೆ; ಸರಪಳಿಗಳಿಂದ ತೂಗಿ ನಿಂತಿರುವುದು. ಜಲಾಶಯ ತುಂಬಿದರೆ ನಮಗೆ ಹಬ್ಬ. ತುಂಬಿದ ಜಲಾಶಯವೇ ಬಾಗಿಲಿಗೆ ಭಾರ.

2024ರ ಆಗಸ್ಟ್ 10ರ ರಾತ್ರಿ, ಜಲಾಶಯ ತುಂಬಿದ ಸಂಭ್ರಮದ ದಿನಗಳಲ್ಲಿ, ಹತ್ತೊಂಬತ್ತನೆಯ ಬಾಗಿಲಿನ ಸರಪಳಿಯ ಕೊಂಡಿ ಕಳಚಿ ಬಾಗಿಲು ಕೊಚ್ಚಿಹೋಯಿತು. ಎಪ್ಪತ್ತು ವರ್ಷ ದುಡಿದ ಕೊಂಡಿ. ಉಳಿದ ಬಾಗಿಲುಗಳ ಮೇಲಣ ಒತ್ತಡವನ್ನು ಇಳಿಸಲು ಅವನ್ನೂ ತೆರೆದು, ಕಣ್ಣೆದುರಿಗೇ ಜಲಾಶಯದ ಸುಮಾರು ಮೂರರಲ್ಲಿ ಒಂದು ಪಾಲು ನೀರನ್ನು ನದಿಗೆ ಬಿಡಬೇಕಾಯಿತು. ಕನ್ನಯ್ಯ ನಾಯ್ಡು ಎಂಬ ವಯೋವೃದ್ಧ ತಜ್ಞರ ಮಾರ್ಗದರ್ಶನದಲ್ಲಿ, ಹರಿಯುವ ನೀರಿಗೇ ಉಕ್ಕಿನ ಹಲಗೆಗಳನ್ನು ಇಳಿಸಿ ಒಂದು ವಾರದಲ್ಲಿ ಬಾಯಿ ಮುಚ್ಚಿದರು. ಆಮೇಲೆ ದೇವರ ದಯೆಯಿಂದ ಮಳೆ ಬಂದು ಜಲಾಶಯ ಮತ್ತೆ ತುಂಬಿತು.

2025ರಲ್ಲಿ ಅಧಿಕಾರಿಗಳು ಬೇರೆ ದಾರಿ ಹಿಡಿದರು. ಹಳೆಯ ಬಾಗಿಲುಗಳನ್ನು ನಂಬದೆ, 105 ಟಿ.ಎಂ.ಸಿ. ಹಿಡಿಯಬಲ್ಲ ಜಲಾಶಯವನ್ನು ಸುಮಾರು 80ಕ್ಕೇ ನಿಲ್ಲಿಸಿದರು. ಬಾಗಿಲುಗಳನ್ನು ಬದಲಾಯಿಸಲು ಅನುವಾಗಲೆಂದು ಎರಡನೆಯ ಬೆಳೆಗೆ ನೀರಿಲ್ಲವೆಂದು ಸಾರಿದರು. ಬೀಳುವ ಮೊದಲು ಭಾರ ಇಳಿಸುವುದೆಂದರೆ ಇದೇ. ನಿರ್ಣಯ ಸರಿಯಾದುದೆಂದೇ ನಾನು ಹೇಳುತ್ತೇನೆ. ಆದರೆ ಇಳಿಸಿದ ಭಾರ ಗಾಳಿಯಲ್ಲಿ ಕರಗುವುದಿಲ್ಲ. ಯಾರದೋ ತಲೆಗೆ ಹೋಗುತ್ತದೆ. ಕಾಲುವೆಯ ಕೊನೆಯಲ್ಲಿರುವ ಹೊಲಕ್ಕೆ ನೀರು ತುಂಬಿದ ವರ್ಷವೂ ತಡವಾಗಿಯೇ ಬರುತ್ತದೆ, ಕೊರತೆಯ ವರ್ಷ ಎಲ್ಲಕ್ಕಿಂತ ಮೊದಲು ನಿಲ್ಲುತ್ತದೆ. ಅಂಥ ವರ್ಷ ಈ ಸೀಮೆಯ ಎಷ್ಟೋ ಕುಟುಂಬಗಳು ಮನೆಗೆ ಬೀಗ ಹಾಕಿ, ಮಕ್ಕಳನ್ನು ಶಾಲೆ ಬಿಡಿಸಿ, ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಗುಳೆ ಹೋಗುತ್ತವೆ. ಬಾಗಿಲು ಬದಲಾಯಿಸುವ ವೆಚ್ಚವನ್ನು ಕೋಟಿಗಳಲ್ಲಿ ಎಣಿಸುವವರು ಆ ಗುಳೆಯ ಖರ್ಚನ್ನೂ ಅದೇ ಪಟ್ಟಿಯಲ್ಲಿ ಬರೆದು, ಕಾಲುವೆಯ ಮೇಲಿನವರಿಗೂ ತುದಿಯವರಿಗೂ ಹಂಚುವ ಬಗೆಯನ್ನು ಯೋಚಿಸಬೇಕು. ಅದನ್ನು ಹೇಗೆ ಹಂಚಬಹುದೆಂಬುದು ನೀರಾವರಿ ಬಲ್ಲವರು ಪ್ರತ್ಯೇಕವಾಗಿ ಮಾತನಾಡಲು ತಕ್ಕ ವಿಷಯ.